ಕೈ ಎತ್ತಿದ ಮೇಬಲಮ್ಮ

ರಾಯಚೂರು
೨೦ ಫೆಬ್ರವರಿ ೨೦೨೫

ಪ್ರಿಯ ಮಹಮ್ಮದ್ ಹುಸೇನ,

ನೀನು ನಿನ್ನ ಮೊಬೈಲಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿ ಎರಡು ವರ್ಷವಾಯಿತು. ಮಾನ್ವಿಯ ಅಂಚೆಯವನಿಗೆ ಅಂಥ ಸೌಲಭ್ಯ ಇನ್ನೂ ಬಂದಿಲ್ಲವಾದ್ದರಿಂದ ಈ ಇನ್‌ಲ್ಯಾಂಡ್. ಹರಿದು ಬಿಸಾಡುವ ಮುಂಚೆ ಕೇಳು: ಇದು ಆ ಅಂಕಣದ ಬಗ್ಗೆ ಅಲ್ಲ. ಮೂವತ್ತೊಂಬತ್ತು ವರ್ಷದ ಹಿಂದೆ, ನಾನು ನಿನ್ನ ಹೆಲ್ಪರಾಗಿದ್ದಾಗ, ಹಿರೇಕೊಟ್ನೆಕಲ್ಲಿನ ಟೂರಿಂಗ್ ಟಾಕೀಸಿಗೆ ಬೆಂಕಿ ಬಿದ್ದ ದಿನ ಆಪರೇಟರ್ ಸಾಹೇಬರು ಕೋಳಿಯ ಹಾಗೆ ಓಡಿದರು ಎಂದು ನಾನು ಪತ್ರಿಕೆಯಲ್ಲಿ ಬರೆದದ್ದು, ಜಿಲ್ಲೆಯೆಲ್ಲ ನಕ್ಕದ್ದು, ನೀನೊಬ್ಬ ನಗದೇ ಉಳಿದದ್ದು, ಎಲ್ಲ ಹಾಗೇ ಇರಲಿ. ಹಾಸ್ಯಕ್ಕೆ ನಗದವರ ಮೇಲೆ ಕ್ರಮ ಜರುಗಿಸಲು ಸರಕಾರ ಇನ್ನೂ ಕಾನೂನು ಮಾಡಿಲ್ಲ.

ನನಗೆ ಒಬ್ಬ ಸಿನಿಮಾ ಆಪರೇಟರ್ ಬೇಕಾಗಿದ್ದಾನೆ. ಮೂವತ್ತು ವರ್ಷ ಪ್ರೊಜೆಕ್ಟರ್ ನಡೆಸಿದವರಲ್ಲಿ ನನಗೆ ಗೊತ್ತಿರುವುದು, ಜೀವಂತ ಇರುವುದು, ನೀನೊಬ್ಬನೇ.

ಹೋದ ವಾರ ದೇವದುರ್ಗದ ಕಡೆ ಹೋದವನು ಗೂಗಲ್ ಎಂಬ ಹಳ್ಳಿಯಲ್ಲಿ ಇಳಿದೆ. ಅಲ್ಲಮಪ್ರಭುವಿನ ಗುಡಿಯಲ್ಲಿ ಕೈಮುಗಿದು, ನೀರು ಕೇಳಲು ಹೊಳೆಯ ದಂಡೆಯ ಒಂದು ಮನೆಗೆ ಹೋದೆ. ಮನೆ ಬೂದೆಮ್ಮನದು. ಎಂಬತ್ತು ದಾಟಿದ ಮುದುಕಿ. ಸೊಸೆ ಸೌಭಾಗ್ಯ, ಎರಡು ಮರಿಮಕ್ಕಳು. ದೇವರ ಜಗಲಿಯ ನಟ್ಟನಡುವೆ ಒಂದು ದುಂಡನೆಯ ತಗಡಿನ ಡಬ್ಬಿ ಇತ್ತು. ರೊಟ್ಟಿಯಷ್ಟು ಅಗಲ. ಮೈತುಂಬ ವಿಭೂತಿ, ಅದರ ಸಂದಿಯಲ್ಲಿ ಅಂಟಿಸಿದ ಒಬ್ಬ ಬಿಳಿ ಹೆಂಗಸಿನ ಚಿತ್ರ. ಎರಡೂ ಅಂಗೈ ನಮ್ಮ ಕಡೆ ಮಾಡಿ ಎತ್ತಿದ್ದಾಳೆ.

“ಅಭಯ ಕೊಡಾಕತ್ತಾಳ ನೋಡು ಯಪ್ಪಾ. ಅಂಜಬ್ಯಾಡ ಅಂತಾಳ,” ಎಂದಳು ಬೂದೆಮ್ಮ.

ಡಬ್ಬಿಯ ಚರಿತ್ರೆ ಇಷ್ಟು. ಅವಳ ಗಂಡನ ಅಜ್ಜ ಹರಿಗೋಲು ನಡೆಸುತ್ತಿದ್ದನಂತೆ. ನಿಜಾಮನ ಕಾಲ. ಊರೂರು ತಿರುಗಿ ಬಯೋಸ್ಕೋಪ್ ತೋರಿಸುವ ಒಬ್ಬ ಹೊಳೆ ದಾಟಲು ಬಂದವನು ಜ್ವರ ಹತ್ತಿ ಇವರ ಪಡಸಾಲೆಯಲ್ಲಿ ಮೂರು ದಿನ ಮಲಗಿ ಸತ್ತ. ಸಾಯುವಾಗ ಈ ಡಬ್ಬಿ ಕೊಟ್ಟು, ನಮ್ಮ ಮಂದಿ ಬರುವತನಕ ಜೋಪಾನ ಎಂದ. ಸಾಯುವವರು ಒಪ್ಪಿಸಿ ಹೋದ ವಸ್ತು ಆ ಮನೆಯಲ್ಲಿ ಪೆಟ್ಟಿಗೆಗೆ ಹೋಗುವುದಿಲ್ಲ, ದೇವರ ಜಗಲಿಗೆ ಹೋಗುತ್ತದೆ. ಸುಮಾರು ನೂರು ವರ್ಷದಿಂದ ಅದಕ್ಕೆ ದೀಪ ನಡೆದಿದೆ. ಅವನ ಮಂದಿ ಮಾತ್ರ ಬಂದಿಲ್ಲ.

ನಾನು ಫೋಟೋ ಹೊಡೆದು ಇಂಗ್ಲೆಂಡಿನಲ್ಲಿ ಹಳೇ ಫಿಲ್ಮು ಕಾಯುವ ಒಬ್ಬ ಮೇಡಂಗೆ ಕಳಿಸಿದೆ. ಅವರ ಉತ್ತರದಿಂದ ತಿಳಿದದ್ದು: ನಮ್ಮ ಅಭಯಹಸ್ತೆಯ ಹೆಸರು ಮೇಬಲ್ ಕ್ರಾಲಿ. ಮೂಕಿಚಿತ್ರಗಳ ತಾರೆ. ಹತ್ತಿ ಗಿರಣಿಯಲ್ಲಿ ನೂಲಿನ ಉರುಳೆ ಹೊರುತ್ತಿದ್ದ ಹುಡುಗಿ. ೧೯೧೪ರಲ್ಲಿ ಗಿರಣಿಯ ಗೇಟಿನ ಮುಂದೆ ಸಿನಿಮಾದವರು ಶೂಟಿಂಗ್ ಮಾಡುವಾಗ ಕುದುರೆ ಬೆದರಿ ಓಡಿತು, ಇವಳು ಬಾಯಿ ತೆರೆದು ಕೈ ಎತ್ತಿದಳು, ಕ್ಯಾಮೆರಾ ಅದನ್ನು ಹಿಡಿಯಿತು. ಅಲ್ಲಿಂದ ಹದಿನೈದು ವರ್ಷ, ಇಪ್ಪತ್ಮೂರು ಚಿತ್ರ. ಎಲ್ಲದರಲ್ಲೂ ಒಂದೇ ಕೆಲಸ, ಹೆದರುವುದು. ಅಂದರೆ ಬೂದೆಮ್ಮನ ಮನೆಯಲ್ಲಿ ನೂರು ವರ್ಷದಿಂದ ಅಂಜಬೇಡ ಎನ್ನುತ್ತಿರುವವಳು ಆ ಫೋಟೋದಲ್ಲಿ ಅಂಜಿ ಸಾಯುತ್ತಿದ್ದಾಳೆ.

ಇಪ್ಪತ್ಮೂರರಲ್ಲಿ ಒಂದೂ ಉಳಿದಿಲ್ಲವಂತೆ. ಉಳಿದಿದ್ದರೆ ಇದೊಂದೇ: ‘ಗಿರಣಿ ಹೊತ್ತಿದ ದಿನ’, ಒಂದು ರೀಲು. ಈಗ ಹೇಳು ಉಸ್ತಾದ, ಇದನ್ನು ತೆರೆಯುವುದು ಹೇಗೆ?

ಇಂತಿ, ನಿನ್ನ ಬ್ಲಾಕ್ ಪಟ್ಟಿಯ ಅಗ್ರಗಣ್ಯ,
ಚನ್ನವೀರ


ಮಾನ್ವಿ
೨೭ ಫೆಬ್ರವರಿ

ಚನ್ನವೀರ,

ತೆರೆಯಬೇಡ. ವಾಸನೆ ಹೇಗಿದೆ? ಮುಚ್ಚಳದ ಅಂಚಿಗೆ ಕಂದು ಪುಡಿ ಇದೆಯೇ? ದೀಪ ಎಷ್ಟು ದೂರ?

ಹುಸೇನ


ರಾಯಚೂರು
೮ ಮಾರ್ಚ್

ಪ್ರಿಯ ಹುಸೇನ,

ಎರಡು ವರ್ಷದ ಮೌನ ಮುರಿದು ಹನ್ನೊಂದು ಶಬ್ದ ಕಳಿಸಿದ್ದೀ. ಧಾರಾಳಿ. ನಿನ್ನ ಎಡಗೈ ಅಕ್ಷರ ಮೊದಲಿಗಿಂತ ನೆಟ್ಟಗಾಗಿದೆ.

ಸೌಭಾಗ್ಯಳಿಗೆ ಫೋನ್ ಮಾಡಿ ಕೇಳಿದೆ. ವಾಸನೆ ಇದೆಯಂತೆ, ಹುಳಿಯಾದ ಬೆವರು ವಾಸನೆ. ಹೆಗ್ಗಣ ಸತ್ತಿರಬೇಕೆಂದು ಜಗಲಿಯ ಹಿಂದೆ ಎರಡು ಸಲ ಹುಡುಕಿದ್ದಾರೆ. ಪುಡಿಯೂ ಇದೆ. ಅದನ್ನು ಬೂದೆಮ್ಮ ಅಮ್ಮನ ಪ್ರಸಾದವೆಂದು ಮಕ್ಕಳ ಹಣೆಗೆ ಹಚ್ಚುತ್ತಾಳಂತೆ. ದೀಪ ಒಂದು ಗೇಣು ದೂರ. ಹಬ್ಬದಲ್ಲಿ ಅರ್ಧ ಗೇಣು.

ಈ ಮೂರು ಪ್ರಶ್ನೆ ಓದಿ ನನಗೆ ಯಾಕೋ ಕಸಿವಿಸಿ. ಡಾಕ್ಟರು ಹೀಗೆ ಉದ್ದೇಶವಿಲ್ಲದವರಂತೆ ಪ್ರಶ್ನೆ ಕೇಳಿದಾಗ ರೋಗಿಗೆ ಆಗುವ ಕಸಿವಿಸಿ.

ಇಂಗ್ಲೆಂಡಿನ ಮೇಡಂ ಮೇಬಲಮ್ಮನ ಪೂರ್ತಿ ಪಟ್ಟಿ ಕಳಿಸಿದ್ದಾರೆ. ರೈಲು ಹಳಿಗೆ ಕಟ್ಟಿದಾಗ ಹೆದರಿದ್ದು, ಸುಣ್ಣಕಲ್ಲಿನ ಕಡಿದಾದ ಗುಡ್ಡದಿಂದ ಜೋತಾಡುತ್ತ ಹೆದರಿದ್ದು, ಸರ್ಕಸ್ಸಿನ ಹುಲಿಗೆ ಹೆದರಿದ್ದು (ಹುಲಿ ನಿದ್ದೆ ಮಾಡುತ್ತಿತ್ತು). ಪತ್ರಿಕೆಯವರು ಅವಳಿಗೆ ಕೊಟ್ಟ ಬಿರುದು ‘ನಿರ್ಭಯೆ ಮೇಬಲ್’. ಪತ್ರಿಕೆಯವರು ಎಲ್ಲ ದೇಶದಲ್ಲೂ ಒಂದೇ ಜಾತಿ.

ಕಸಿವಿಸಿಯಿಂದ,
ಚನ್ನವೀರ


ಮಾನ್ವಿ
೧೫ ಮಾರ್ಚ್

ಚನ್ನವೀರ,

ನಗಬೇಡ, ಪೂರ್ತಿ ಓದು. ಎಡಗೈಯಿಂದ ಇಷ್ಟು ಬರೆಯಲು ಎರಡು ದಿನ ಹಿಡಿದಿದೆ.

ಆ ಕಾಲದ ಫಿಲ್ಮು ನಾವು ಓಡಿಸಿದ ಫಿಲ್ಮಲ್ಲ. ಅದು ಬಂದೂಕಿನ ಮದ್ದಿನ ತಂಗಿ ಎಂದು ನನ್ನ ಉಸ್ತಾದರು ಹೇಳುತ್ತಿದ್ದರು. ಹೊತ್ತಿದರೆ ನೀರು ಹಾಕಿದರೂ ಆರುವುದಿಲ್ಲ, ಮರಳು ಮುಚ್ಚಿದರೂ ಆರುವುದಿಲ್ಲ. ಹೊಗೆ ಕುಡಿದವರು ಬದುಕುವುದು ಕಷ್ಟ. ಹಳೆಯದಾದ ಮೇಲೆ ಹುಳಿ ವಾಸನೆ ಬರುತ್ತದೆ, ಆಮೇಲೆ ಕಂದು ಪುಡಿ. ಪುಡಿ ಬಂತೆಂದರೆ ಮುಗಿಯಿತು. ಆಗ ಕಡ್ಡಿ ಗೀರಬೇಕಾಗಿಲ್ಲ. ನಮ್ಮ ಏಪ್ರಿಲ್ ಬಿಸಿಲು ಸಾಕು.

ಆ ಮನೆಯಲ್ಲಿ ಮಕ್ಕಳು ಎಲ್ಲಿ ಮಲಗುತ್ತಾರೆ ಕೇಳು.

ಯುಗಾದಿಯೊಳಗೆ ಡಬ್ಬಿ ಮನೆಯಿಂದ ಹೊರಗೆ ಹೋಗಬೇಕು. ಬಸ್ಸಿನಲ್ಲಿ ತರಬೇಡ. ಅಲುಗಾಡಿಸಬೇಡ. ಅಗಲ ಬಾಯಿಯ ಮಣ್ಣಿನ ಗಡಿಗೆಯಲ್ಲಿ ಹಸಿ ಮರಳು ಹಾಕಿ, ಅದರ ಮೇಲೆ ಡಬ್ಬಿ ಇಟ್ಟು, ಒದ್ದೆ ಗೋಣಿಚೀಲ ಹೊದಿಸಿ, ಹೊಳೆಯ ನಡುವಿನ ಮರಳಿನಲ್ಲಿ ಇಟ್ಟು ಬಾ. ಆಮೇಲೆ ಇಂಗ್ಲೆಂಡಿನವರು ಬಂದರೆ ಬರಲಿ.

ಹುಸೇನ


ರಾಯಚೂರು
೧ ಏಪ್ರಿಲ್

ಪ್ರಿಯ ಹುಸೇನ,

ಇವತ್ತಿನ ತಾರೀಖು ನೋಡಿ ಇದನ್ನು ತಮಾಷೆ ಎಂದುಕೊಳ್ಳಬೇಡ.

ಯುಗಾದಿಯ ಮರುದಿನ ಗೂಗಲ್‌ಗೆ ಹೋಗಿದ್ದೆ. ಹಬ್ಬಕ್ಕೆಂದು ಬೂದೆಮ್ಮ ಮೇಬಲಮ್ಮನನ್ನು, ಚಿತ್ರವೊಂದನ್ನು ಬಿಟ್ಟು, ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಒರೆಸಿ, ನಂದಾದೀಪದ ಮಗ್ಗುಲಲ್ಲೇ ಕೂರಿಸಿದ್ದಳು. ತಗಡು ಥಳಥಳ. ಮಕ್ಕಳು ಮಲಗುವುದು ಜಗಲಿಯ ಎದುರಿಗೆ. ಮನೆಯಲ್ಲಿ ಇರುವ ಒಂದೇ ಕೂಲರ್ ಅಲ್ಲಿದೆ.

ನಿನ್ನ ಪಾಠವನ್ನೆಲ್ಲ ಒಪ್ಪಿಸಿದೆ. ಮದ್ದಿನ ತಂಗಿ ಎಂದೆ, ಹೊಗೆ ಎಂದೆ. ಬೂದೆಮ್ಮ ಎಲೆ ಅಡಿಕೆ ಕುಟ್ಟುತ್ತ ಕೇಳಿದಳು.

“ನೂರು ವರ್ಷ ಸುಮ್ನ ಕುಂತಾಕಿ, ನೀ ಬಂದ ಮ್ಯಾಲ ಸುಡತಾಳೇನು?”

“ವಯಸ್ಸಾಗೇದ ಬೇ ಆಕಿಗೆ.”

“ನನಗೂ ಆಗೇದ. ನನ್ನೂ ಹೊಳಿಯಾಗ ಇಟ್ಟು ಬರ್ತೀಯೇನು?”

ಕೊಟ್ಟ ಮಾತು ಕೊಟ್ಟ ಮಾತೇ, ಸತ್ತವನ ಮಂದಿ ಬಂದರೆ ಮಾತ್ರ ಕೊಡುವುದು, ಸರಕಾರದವರು ಬಂದರೂ ಇಲ್ಲ ಎಂದಳು. ಆಮೇಲೆ ಕುಟ್ಟುವುದು ನಿಲ್ಲಿಸಿ ನನ್ನನ್ನು ನೋಡಿದಳು. “ಒಳಗ ಬಾರೋ ಯಪ್ಪಾ. ಆಗಿಂದ ಹೊಸ್ತಿಲದಾಗ ನಿಂತು ಮಾತಾಡಾಕತ್ತಿ. ಹೊಸ್ತಿಲದಾಗ ನಿಂತವನ ಮಾತು ಹೆಂಗ ನಂಬೂದು?”

ಆಗಲೇ ನನಗೆ ತಿಳಿದದ್ದು. ಇಡೀ ಉಪನ್ಯಾಸವನ್ನು ನಾನು ಬಾಗಿಲ ಹೊರಗೆ, ಒಂದು ಕಾಲು ಅಂಗಳದಲ್ಲಿಟ್ಟು ಮಾಡಿದ್ದೆ. ಬಿಸಿಲಿಗೆ ತಲೆ ಸುತ್ತುತ್ತಿದೆ ಎಂದು ಹೇಳಿ ವಾಪಸಾದೆ.

ಮೇಬಲಮ್ಮನ ವಿಷಯ ಇನ್ನಷ್ಟು ಬಂದಿದೆ. ‘ಗಿರಣಿ ಹೊತ್ತಿದ ದಿನ’ದ ಶೂಟಿಂಗಿನಲ್ಲಿ ಗಿರಣಿ ನಿಜವಾಗಿಯೇ ಹೊತ್ತಿತಂತೆ, ೧೯೨೬ರಲ್ಲಿ. ಅವಳ ಬಲಗೈ ಸುಟ್ಟಿತು. ನಿರ್ದೇಶಕ ಕ್ಯಾಮೆರಾ ನಿಲ್ಲಿಸಲಿಲ್ಲ. ಮರುದಿನ ಪತ್ರಿಕೆಯವರಿಗೆ, ಬೆಂಕಿಯಿಂದ ಎದ್ದು ಬಂದವಳೇ ಚಹಾ ಎಲ್ಲಿ ಅಂತ ಕೇಳಿದಳು ಎಂದು ಹೇಳಿ ನಗಿಸಿದ. ದೇಶವೆಲ್ಲ ನಕ್ಕಿತು. ಮೂರು ವರ್ಷದ ಮೇಲೆ ಮಾತಿನ ಸಿನಿಮಾ ಬಂತು. ದನಿ ಪರೀಕ್ಷೆಗೆ ಕರೆದು, ಒಮ್ಮೆ ಕಿರುಚು ಎಂದರು. ಬಾಯಿ ತೆರೆದಳು, ಕೈ ಎತ್ತಿದಳು, ದನಿ ಬರಲಿಲ್ಲ. ಅಲ್ಲಿಗೆ ಅವಳ ವೃತ್ತಿ ಮುಗಿಯಿತು. ಆಮೇಲೆ ಮೂವತ್ತು ವರ್ಷ ತನ್ನ ಊರಿನ ಟಾಕೀಸಿನಲ್ಲೇ ಬ್ಯಾಟರಿ ಹಿಡಿದು ಕತ್ತಲಲ್ಲಿ ಜನರಿಗೆ ಸೀಟು ತೋರಿಸಿದಳು.

ಇದನ್ನು ಅಂಕಣಕ್ಕೆಂದು ಬರೆಯಲು ಕೂತೆ. ಪತ್ರಿಕೆಯವರನ್ನು ನಗಿಸಿದ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

ಬಿಸಿಲಿನ ನೆಪದಲ್ಲಿ,
ಚನ್ನವೀರ


ಮಾನ್ವಿ
೫ ಏಪ್ರಿಲ್

ಚನ್ನವೀರ,

ಹೊಸ್ತಿಲ ಹೊರಗೆ ನಿಲ್ಲುವುದು ನಿನಗೆ ರೂಢಿ ಇದೆ.

ಬೂದೆಮ್ಮ ಹೇಳಿದ್ದು ಸರಿ. ಸತ್ತವನ ಮಂದಿಯೇ ಬರಬೇಕು. ತಿರುಗಾಡುವ ಬಯೋಸ್ಕೋಪಿನವನಿಗೆ ಮಂದಿ ಯಾರು? ನಮ್ಮ ಕಸಬಿನಲ್ಲಿ ಡಬ್ಬಿ ಒಬ್ಬ ಆಪರೇಟರನ ಕೈಯಿಂದ ಇನ್ನೊಬ್ಬ ಆಪರೇಟರನ ಕೈಗೆ ಹೋಗುತ್ತದೆ. ಬೇರೆ ವಾರಸುದಾರರಿಲ್ಲ. ಅವನ ಮಂದಿ ನಾನು. ನಾನು ಬರುತ್ತೇನೆ.

ಆದರೆ ಆ ಡಬ್ಬಿ ಎತ್ತಲು ಎರಡು ಕೈ ಬೇಕು. ನನ್ನಲ್ಲಿ ಹಿಡಿಯುವ ಕೈ ಒಂದೇ. ಅದು ಯಾಕೆ ಎಂದು ನಿನ್ನ ಓದುಗರಿಗೆ ಗೊತ್ತು, ಕೋಳಿಯ ಹಾಗೆ ಓಡಿದೆನಲ್ಲ.

ಹತ್ತೊಂಬತ್ತು, ಶನಿವಾರ. ಬೆಳಿಗ್ಗೆ ಐದಕ್ಕೆ ತಂಪು ಇರುತ್ತದೆ. ನೀನು ಬಾ.

ಹುಸೇನ


ರಾಯಚೂರು
೯ ಏಪ್ರಿಲ್

ಪ್ರಿಯ ಹುಸೇನ,

ಬರಬೇಕೆಂದು ನನಗೆ ಬಹಳ ಇದೆ. ಆದರೆ ಬಿ.ಪಿ. ನೂರಾ ಅರವತ್ತು ಮುಟ್ಟಿದೆ, ಡಾಕ್ಟರು ಭಾರ ಎತ್ತಬೇಡ ಎಂದಿದ್ದಾರೆ. ಭಾರ ಎಂದರೆ ಎಷ್ಟು ಎಂದು ಕೇಳಿದೆ, ಅವರು ಹೇಳಲಿಲ್ಲ, ಆದ್ದರಿಂದ ನಾನು ಪತ್ರಿಕೆಯನ್ನೂ ಟೇಬಲ್ ಮೇಲಿಟ್ಟೇ ಓದುತ್ತಿದ್ದೇನೆ. ಅಲ್ಲದೆ ಶನಿವಾರ ಅಂಕಣ ಕೊಡುವ ದಿನ. ಅಲ್ಲದೆ ಐದು ಗಂಟೆಗೆ ಗೂಗಲ್ ಮುಟ್ಟುವ ಬಸ್ಸು ಜಗತ್ತಿನಲ್ಲಿ ಇಲ್ಲ. ಅಲ್ಲದೆ ಇಂಗ್ಲೆಂಡಿನ ಮೇಡಂ ಜೂನ್‌ನಲ್ಲಿ ತಣ್ಣನೆಯ ಪೆಟ್ಟಿಗೆ ತಂದು ಒಯ್ಯುತ್ತೇವೆ ಎಂದಿದ್ದಾರೆ. ಜೂನ್ ಏನು ದೂರ?

ಯಾರಾದರೂ ಗಟ್ಟಿ ಆಳನ್ನು ಕಳಿಸಿದರೆ ಆಗದೇ?

ಚನ್ನವೀರ


ಮಾನ್ವಿ
೧೨ ಏಪ್ರಿಲ್

ಶನಿವಾರ. ಐದಕ್ಕೆ.

ಹುಸೇನ


ದೇವದುರ್ಗ ಬಸ್ ನಿಲ್ದಾಣ
೧೭ ಏಪ್ರಿಲ್, ಗುರುವಾರ ಸಂಜೆ

ಹುಸೇನ,

ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ನಿನ್ನ ಎಡಗೈಗಿಂತ ಕಡೆಯಾಗಿದ್ದರೆ ತಪ್ಪು ತಿಳಿಯಬೇಡ.

ಇವತ್ತು ಬೆಳಿಗ್ಗೆ ಎಂಟಕ್ಕೆ ಸೌಭಾಗ್ಯ ಫೋನ್ ಮಾಡಿದಳು. ಮುಚ್ಚಳ ಪೂರಿಯ ಹಾಗೆ ಉಬ್ಬಿದೆ, ಮನೆಯೆಲ್ಲ ವಾಸನೆ, ಕಣ್ಣು ಉರಿಯುತ್ತಿವೆ ಎಂದಳು. ಅತ್ತೆ ಏನು ಮಾಡುತ್ತಿದ್ದಾಳೆ ಎಂದು ಕೇಳಿದೆ. ಅಮ್ಮ ಮುನಿಸಿಕೊಂಡಿದ್ದಾಳೆಂದು ಇನ್ನೆರಡು ದೀಪ ಹಚ್ಚಿ, ಕರ್ಪೂರ ತರಲು ಅಂಗಡಿಗೆ ಹೋಗಿದ್ದಾಳೆ ಎಂದಳು. ದೀಪ ಆರಿಸಿ ಮಕ್ಕಳನ್ನು ಹೊರಗೆ ಕರೆದೊಯ್ಯಿ ಎಂದೆ, ಅತ್ತೆ ಬಿಡುವುದಿಲ್ಲ ಎಂದಳು.

ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ. ಬ್ಲಾಕ್ ಆಗಿದ್ದೇನೆಂದು ಗೊತ್ತಿದ್ದೂ ಮಾಡಿದೆ. ಆಮೇಲೆ ಸಿಕ್ಕ ಬಸ್ಸು ಹತ್ತಿದೆ.

ಹನ್ನೊಂದೂವರೆಗೆ ಗೂಗಲ್. ಬಿಸಿಲು ನಲವತ್ಮೂರು. ಬಾಗಿಲಲ್ಲಿ ನಿಂತರೆ ಒಳಗೆ ಕೂಲರ್ ಗರಗರ ಅನ್ನುತ್ತಿದೆ, ಮಕ್ಕಳಿಬ್ಬರೂ ಚಾಪೆಯ ಮೇಲೆ ನಿದ್ದೆ ಹೋಗಿದ್ದಾರೆ, ಬೂದೆಮ್ಮ ಆರತಿ ತಟ್ಟೆ ಹಿಡಿದು ಜಗಲಿಯ ಎದುರಿಗಿದ್ದಾಳೆ. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿದೆ. ನನ್ನ ಕಾಲು ಹೊಸ್ತಿಲಿಗೆ ಅಂಟಿಕೊಂಡವು. ಬಾಯಿ ತೆರೆದೆ. ಹುಸೇನ, ದನಿ ಬರಲಿಲ್ಲ.

ಜೇಬಿನಲ್ಲಿ ನಿನ್ನ ಪತ್ರವಿತ್ತು. ಅದನ್ನು ಓದಿದೆ. ಬಾಯಿಪಾಠಕ್ಕಿಂತ ಕಾಗದ ನೋಡಿ ಓದುವುದು ಹೇಡಿಗೆ ಸುಲಭ. ಡಬ್ಬಿ ಆಪರೇಟರನಿಂದ ಆಪರೇಟರನಿಗೆ, ಅವನ ಮಂದಿ ನಾನು, ಎಂಬಲ್ಲಿ ಅವಳು ತಿರುಗಿದಳು.

“ನೀ ಆಪರೇಟರೇನು?”

ಅಲ್ಲ, ಆಪರೇಟರನ ದೋಸ್ತ ಎಂದೆ. ಅವಳು ಹತ್ತಿರ ಬಂದು ಕಾಗದ ನೋಡಿದಳು. ಓದು ಬಾರದವಳು.

“ಅಕ್ಷರ ಯಾಕ ಹಿಂಗ ಸೊಟ್ಟ ಅದಾವ?”

“ಎಡಗೈಲೆ ಬರದಾನ.”

“ಬಲಗೈಗೆ ಏನಾಗೇದ?”

ಕರ್ಪೂರ ತಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. ಇದಕ್ಕೆ ನನ್ನಲ್ಲಿ ಹತ್ತು ಥರದ ಉತ್ತರವಿದೆ, ಎಲ್ಲವೂ ನಗು ಬರಿಸುವಂಥವು. ಅದರಲ್ಲಿ ಒಂದು ಅಚ್ಚೂ ಆಗಿದೆ. ಯಾವುದೂ ನೆನಪಿಗೆ ಬರಲಿಲ್ಲ.

“ಸುಟ್ಟದ ಬೇ,” ಎಂದೆ. “ಸಿನಿಮಾ ಡೇರೆದಾಗ ಮಷೀನಿನ ಕ್ಯಾಬಿನ್ನಿಗೆ ಬೆಂಕಿ ಬಿತ್ತು. ನಾ ಹೊರಗ ಓಡಿ ಬಂದು ಬಾಗಲಾ ಹಾಕಿ ಚಿಲಕಾ ಜಡದೆ. ಅಂವ ಒಳಗ ಇದ್ದ.”

“ಒಳಗ ಅದಾನಂತ ಗೊತ್ತಿತ್ತೇನು ನಿನಗ?”

“ಗೊತ್ತಿತ್ತು.”

ಮೂವತ್ತೊಂಬತ್ತು ವರ್ಷದಲ್ಲಿ ಈ ಮಾತನ್ನು ಮೊದಲ ಸಲ ಜೋರಾಗಿ ಅಂದದ್ದು. ಕೇಳಿದ್ದು ಗುರುತು ಪರಿಚಯವಿಲ್ಲದ ಮುದುಕಿ, ನಿದ್ದೆ ಮಾಡುವ ಎರಡು ಮಕ್ಕಳು ಮತ್ತು ಮೇಬಲಮ್ಮ.

ಬೂದೆಮ್ಮ ತಟ್ಟೆಯನ್ನು ಅಂಗಳದಲ್ಲಿಟ್ಟು ಬಂದಳು. ಜಗಲಿಯ ಮೂರೂ ದೀಪದ ಬತ್ತಿಗಳನ್ನು ಬೆರಳಿಂದ ಒತ್ತಿ ಶಾಂತ ಮಾಡಿದಳು. ನೂರು ವರ್ಷದ ದೀಪ. ಸೌಭಾಗ್ಯ ಬಾಯಿಗೆ ಸೆರಗು ಒತ್ತಿಕೊಂಡಳು.

“ಈಗ ಒಳಗ ಬಾ,” ಎಂದಳು ಮುದುಕಿ.

ಹೋದೆ. ಮಕ್ಕಳನ್ನು ಸೌಭಾಗ್ಯ ಹೊರಗೆ ಒಯ್ದಳು. ನೀನು ಹೇಳಿದಂತೆಯೇ ಅಗಲ ಬಾಯಿಯ ಗಡಿಗೆ, ಹಸಿ ಮರಳು, ಒದ್ದೆ ಗೋಣಿಚೀಲ. ಡಬ್ಬಿ ಎತ್ತಿದಾಗ ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹಣೆಯಷ್ಟು. ಮನೆಯಿಂದ ಹೊಳೆಯ ನಡುವಿನ ಮರಳಿಗೆ ಮುನ್ನೂರ ಎಪ್ಪತ್ತು ಹೆಜ್ಜೆ. ಎಣಿಸದಿದ್ದರೆ ಓಡಿಬಿಡುತ್ತಿದ್ದೆ. ಒಳಗೆ ಏನೋ ಸಣ್ಣಗೆ ಸುಯ್ಯೆನ್ನುತ್ತಿತ್ತು, ಅಥವಾ ಅದು ನನ್ನ ಉಸಿರು. ಇಟ್ಟು ಬಂದೆ. ಬರುವಾಗ ಮಾತ್ರ ಓಡಿದೆ. ಕೋಳಿಯ ಹಾಗೆ.

ಒಂದೂವರೆಗೆ ಹೋಯಿತು. ಯಾರೂ ಮುಟ್ಟಲಿಲ್ಲ, ಕಡ್ಡಿ ಗೀರಲಿಲ್ಲ. ಒಮ್ಮೆಲೇ ಆಳೆತ್ತರ ಉರಿ, ಆಮೇಲೆ ಹಳದಿ ಹೊಗೆ. ಶಕ್ತಿನಗರದ ಕರೆಂಟು ಕಾರ್ಖಾನೆಯ ಚಿಮಣಿಯೂ ನಾಚಬೇಕು. ಗಡಿಗೆ ಸೀಳಿ ಹಸಿ ಮರಳಿನ ಮೇಲೂ ಉರಿಯಿತು. ದಂಡೆಯ ಮೇಲೆ ಅರ್ಧ ಊರು ಸೇರಿತ್ತು. ಮೇಬಲ್ ಕ್ರಾಲಿಯ ಕೊನೆಯ ಆಟ ಮೂರು ನಿಮಿಷ ನಡೆಯಿತು. ಜನರನ್ನು ತಡೆಯಲು ನಾನು ಎರಡೂ ಕೈ ಎತ್ತಿ ನಿಂತಿದ್ದೆನಂತೆ, ಸೌಭಾಗ್ಯ ಆಮೇಲೆ ಹೇಳಿದಳು. ಅಂಜಿ ಎತ್ತಿದ್ದೋ, ಅಂಜಬೇಡಿ ಎಂದು ಎತ್ತಿದ್ದೋ ನನಗೆ ತಿಳಿಯದು.

“ಅವನ ಮಂದಿ ಬಂದ್ರು, ಕರಕೊಂಡು ಹೋದ್ರು,” ಎಂದು ಬೂದೆಮ್ಮ ಹೊಳೆಗೆ ಕೈಮುಗಿದಳು.

ಇಂಗ್ಲೆಂಡಿಗೆ ಏನು ಬರೆಯಲಿ ಗೊತ್ತಾಗುತ್ತಿಲ್ಲ. ಇಪ್ಪತ್ಮೂರೂ ಹೋದವು. ನಾವು ಅವಳನ್ನು ಒಮ್ಮೆಯೂ ನೋಡಲಿಲ್ಲ.

ಆ ಅಂಕಣ ಸುಳ್ಳು. ನೀನು ಓಡಲಿಲ್ಲ.

ಚನ್ನವೀರ


ಮಾನ್ವಿ
೨೧ ಏಪ್ರಿಲ್

ಚನ್ನ್ಯಾ,

ನಿನ್ನ ಪತ್ರ ಇವತ್ತು ಸೋಮವಾರ ಬಂತು. ನಾನು ಶನಿವಾರ ಐದಕ್ಕೆ ಗೂಗಲ್‌ನಲ್ಲಿದ್ದೆ. ಮೊಮ್ಮಗಳು ತಹಮೀನಾ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದಳು. ನೀನು ಇರಲಿಲ್ಲ. ಇರುವುದಿಲ್ಲ ಎಂದೇ ಹೊರಟಿದ್ದೆ, ಆದ್ದರಿಂದ ಸಿಟ್ಟೂ ಬರಲಿಲ್ಲ.

ಬೂದೆಮ್ಮ ನನ್ನ ಬಲಗೈ ನೋಡಿದಳು, ಹೆಸರು ಕೇಳಲಿಲ್ಲ. ಒಳಗೆ ಕರೆದು ಚಹಾ ಕೊಟ್ಟು ಎಲ್ಲ ಹೇಳಿದಳು. ನೀನು ಹೇಳಿದ್ದನ್ನೂ ಹೇಳಿದಳು. ಜಗಲಿಯ ಮೇಲೆ ಡಬ್ಬಿ ಇದ್ದ ಜಾಗದಲ್ಲಿ ನನ್ನ ಏಪ್ರಿಲ್ ಐದರ ಪತ್ರ ಇಟ್ಟಿದ್ದಾಳೆ. ವಿಭೂತಿ ಹಚ್ಚಿದ್ದಾಳೆ. ನೀನು ಗಾಬರಿಯಲ್ಲಿ ಅಲ್ಲೇ ಬಿಟ್ಟು ಓಡಿದ್ದೆಯಂತೆ. ಬಿಟ್ಟು ಹೋದದ್ದನ್ನು ಕಾಯುವುದು ಆ ಮನೆಯ ಪದ್ಧತಿ. ಇನ್ನು ನನಗೂ ನೂರು ವರ್ಷ ದೀಪ. ದೀಪ ಎರಡು ಗೇಣು ದೂರ ಇಡಲು ಹೇಳಿ ಬಂದಿದ್ದೇನೆ.

ಚಿಲಕದ ಸದ್ದು ನಾನು ಅವತ್ತೇ ಕೇಳಿದ್ದೆ. ಡೇರೆಯಲ್ಲಿ ಮುನ್ನೂರು ಮಂದಿ ಇದ್ದರು. ಹೊತ್ತಿದ ಕ್ಯಾಬಿನ್ನಿನ ಬಾಗಿಲು ಹಾಕಬೇಕು, ಅದು ನಮ್ಮ ಕಸಬಿನ ಮೊದಲ ಪಾಠ. ನಿನಗೆ ಕಲಿಸಿದವನು ನಾನೇ. ಅದಕ್ಕೆ ನಾನು ಒಂದು ದಿನವೂ ನಿನ್ನನ್ನು ದೂರಿಲ್ಲ. ಜನ ಹೊರಗೆ ಹೋದ ಮೇಲೆ ತೆರೆಯಲು ವಾಪಸು ಬರಬೇಕು, ಅದು ಎರಡನೇ ಪಾಠ. ಅದಕ್ಕೆ ಕಾದೆ. ಕೊನೆಗೆ ತಗಡು ಸೀಳಿಕೊಂಡು ನಾನೇ ಬಂದೆ. ಆಮೇಲೂ ಕಾದೆ. ನೀನು ಬಾರದೆ ಅಂಕಣ ಬಂತು.

ಎರಡನೇ ಪಾಠಕ್ಕೆ ನೀನು ಮೂವತ್ತೊಂಬತ್ತು ವರ್ಷ ತಗೊಂಡೆ. ಮಂದ ಬುದ್ಧಿ ನಿನ್ನದು, ನಾನು ಮೊದಲೇ ಹೇಳಿದ್ದೆ.

ಇಂಗ್ಲೆಂಡಿಗೆ ಹೀಗೆ ಬರಿ: ರೀಲು ಉಳಿಯಲಿಲ್ಲ, ಕೊನೆಯ ಆಟಕ್ಕೆ ಅರ್ಧ ಊರು ಬಂದಿತ್ತು, ಯಾರಿಗೂ ಏನೂ ಆಗಲಿಲ್ಲ. ಬ್ಯಾಟರಿ ಹಿಡಿದು ಮಂದಿಗೆ ದಾರಿ ತೋರಿಸಿದವಳಿಗೆ ಅಷ್ಟು ಸಾಕು.

ಫೋನಿನ ಚಿಲಕ ತೆಗೆದಿದ್ದೇನೆ. ಮಾತಾಡುವಾಗ ಹೊಸ್ತಿಲಲ್ಲಿ ನಿಲ್ಲಬೇಡ.

ಹುಸೇನ